ಶಿಲ್ಪದ ಮುಂದೆ ಇಂಗ್ಲಿಷ್ ಮಾತು

ಚಿತ್ರವನ್ನೋ ಶಿಲ್ಪವನ್ನೋ ತೋರಿಸಿ ಮಕ್ಕಳನ್ನು ಹೊಸ ಭಾಷೆಯಲ್ಲಿ ಮಾತಾಡಿಸುವುದು ಭಾಷಾ ಬೋಧನೆಯ ಒಂದು ಕ್ರಮ. ವ್ಯಾಕರಣ ಕಲಿತ ಮಕ್ಕಳಿಗೂ ಎಷ್ಟೋ ಸಲ ಇಂಗ್ಲಿಷಿನಲ್ಲಿ ಬಾಯಿ ತೆರೆದಾಗ ಹೇಳಲು ವಿಷಯವೇ ಹೊಳೆಯುವುದಿಲ್ಲ. ಕಣ್ಣೆದುರಿನ ಕಲಾಕೃತಿ ಆ ವಿಷಯವನ್ನು ಒದಗಿಸುತ್ತದೆ. ಹೊಸಪೇಟೆ, ಸಂಡೂರು, ಕಂಪ್ಲಿಯ ಶಾಲೆಗಳಿಗೆ ಹಂಪಿ ಹತ್ತಿರವಿರುವುದರಿಂದ ಸಾಮಗ್ರಿಗೆ ಕೊರತೆಯಿಲ್ಲ.

ಈ ಕ್ರಮಕ್ಕೆ ಹೆಚ್ಚು ಒದಗಿಬರುವುದು ‘ವಿಷುಯಲ್ ಥಿಂಕಿಂಗ್ ಸ್ಟ್ರಾಟಜೀಸ್’ ಎಂಬ ವಿಧಾನ. ಅಮೆರಿಕದ ಅಬಿಗೇಲ್ ಹೌಸೆನ್ ಮತ್ತು ಫಿಲಿಪ್ ಯೆನವೈನ್ ಇದನ್ನು ರೂಪಿಸಿದ್ದು ಕಲೆಯನ್ನು ನೋಡುವುದನ್ನು ಕಲಿಸಲು. ಭಾಷಾ ಶಿಕ್ಷಕರೂ ಅದನ್ನು ಬಳಸಿಕೊಂಡರು. ಇದರಲ್ಲಿ ಮೂರೇ ಪ್ರಶ್ನೆ: ಇಲ್ಲಿ ಏನು ನಡೆಯುತ್ತಿದೆ? ಹಾಗೆನ್ನಲು ಏನು ಕಾಣಿಸಿತು? ಇನ್ನೂ ಏನೇನಿದೆ? ಎರಡನೆಯ ಪ್ರಶ್ನೆಗೆ ಉತ್ತರಿಸಲು ‘ಬಿಕಾಸ್’ ಬೇಕೇ ಬೇಕು; ಒಂದೇ ಪದದ ಉತ್ತರ ಹೀಗೆ ವಾಕ್ಯವಾಗಿ ಬೆಳೆಯುತ್ತದೆ.

ಹಂಪಿಯ ಒಂದೊಂದು ತಾಣ ಒಂದೊಂದು ಬಗೆಯ ಮಾತಿಗೆ ಒಗ್ಗುತ್ತದೆ. 15ನೇ ಶತಮಾನದ ಹಜಾರರಾಮ ದೇವಾಲಯದ ಪ್ರಾಕಾರದ ಹೊರಮೈಯಲ್ಲಿ ಆನೆ, ಕುದುರೆ, ಸೈನಿಕರು, ನರ್ತಕಿಯರು ಸಾಲುಸಾಲಾಗಿ ಸಾಗಿದ್ದಾರೆ. ಯಾರು ಏನು ಮಾಡುತ್ತಿದ್ದಾರೆಂದು ಹೇಳುವಾಗ ವರ್ತಮಾನ ಕಾಲ ರೂಢಿಯಾಗುತ್ತದೆ. ಗುಡಿಯ ಗೋಡೆಯ ಮೇಲೆ ರಾಮಾಯಣವಿದೆ. ಕತೆ ಮೊದಲೇ ಗೊತ್ತಿರುವುದರಿಂದ ಮಕ್ಕಳ ಗಮನ ಪೂರ್ತಿ ಭೂತಕಾಲದ ಕ್ರಿಯಾಪದಗಳ ಮೇಲಿರಬಹುದು. ಮಹಾನವಮಿ ದಿಬ್ಬದ ಉಬ್ಬುಶಿಲ್ಪಗಳಲ್ಲಿ ವಿದೇಶಿಯರೂ ಇದ್ದಾರೆ. ಅವರು ಯಾರಿರಬಹುದು, ಏಕೆ ಬಂದಿರಬಹುದು ಎಂಬ ಊಹೆಗೆ ‘ಮೇ ಬಿ’, ‘ಐ ಥಿಂಕ್’ ಬೇಕಾಗುತ್ತವೆ. ವಿರೂಪಾಕ್ಷ ಗುಡಿಯ ರಂಗಮಂಟಪದ ಮೇಲ್ಛಾವಣಿಯಲ್ಲಿ ಗಿರಿಜಾಕಲ್ಯಾಣದ ಚಿತ್ರವಿದೆ. ಯಾರ ಪಕ್ಕ ಯಾರು, ಯಾರ ಹಿಂದೆ ಯಾರು ಎಂಬುದು ಅಲ್ಲಿನ ಪಾಠ. ಕಮಲಾಪುರದ ವಸ್ತುಸಂಗ್ರಹಾಲಯದಲ್ಲಿರುವ ಹಂಪಿಯ ಮಾದರಿ ದಾರಿ ಹೇಳುವುದಕ್ಕೆ ಅನುಕೂಲ. ಸಂಡೂರಿನ ಲಂಬಾಣಿ ಕಸೂತಿಯ ಬಟ್ಟೆಯೊಂದನ್ನು ತರಗತಿಗೇ ತಂದರೆ ಬಣ್ಣ, ಆಕಾರ, ಕನ್ನಡಿ, ಹೊಲಿಗೆಗಳ ಪದಗಳು ಸಿಗುತ್ತವೆ.

ಒಂದು ಅವಧಿಗೆ ಒಂದೇ ಶಿಲ್ಪ ಸಾಕು; ಹೋಗಲಾಗದಿದ್ದರೆ ಫೋಟೊ ಆದೀತು. ಮೊದಲು ಒಂದೆರಡು ನಿಮಿಷ ಸುಮ್ಮನೆ ನೋಡಬೇಕು, ಬಳಿಕ ಇಬ್ಬಿಬ್ಬರಾಗಿ ಮಾತಾಡಬೇಕು, ಕೊನೆಗೆ ಇಡೀ ತರಗತಿ. ಪದ ಸಿಗದಾಗ ಕನ್ನಡದಲ್ಲಿ ಕೇಳಲಿ. ‘ಹೀ ರೈಡಿಂಗ್ ಹಾರ್ಸ್’ ಎಂದ ಮಗುವನ್ನು ತಡೆಯದೆ, ‘ಯೆಸ್, ಹೀ ಈಸ್ ರೈಡಿಂಗ್ ಎ ಹಾರ್ಸ್’ ಎಂದು ಶಿಕ್ಷಕರು ಸರಿಯಾದ ರೂಪವನ್ನು ಕೇಳಿಸಿದರೆ ಸಾಕು. ಕಟ್ಟಿಸಿದವರು ಯಾರು, ಯಾವ ಇಸವಿ ಎಂಬ ಪ್ರಶ್ನೆಗಳನ್ನು ಕೊನೆಗಿಡುವುದು ಒಳ್ಳೆಯದು. ಅವುಗಳಿಗೆ ಒಂದೇ ಸರಿಯುತ್ತರ, ಅದು ಬಂದೊಡನೆ ಮಾತು ನಿಲ್ಲುತ್ತದೆ.

ಇದು ವ್ಯಾಕರಣ ಪಾಠಕ್ಕೆ ಬದಲಿಯಲ್ಲ, ಕಲಿತದ್ದನ್ನು ಬಳಸುವ ಅವಕಾಶ. ಹಂಪಿಯ ಶಾಲಾ ಪ್ರವಾಸವನ್ನು ಬರೀ ಸುತ್ತಾಟದಲ್ಲಿ ಮುಗಿಸದೆ, ಒಂದಾದರೂ ಶಿಲ್ಪದ ಮುಂದೆ ಮಕ್ಕಳನ್ನು ನಿಲ್ಲಿಸಿ ಮಾತಾಡಿಸಬೇಕು.