ಕಲ್ಪತರುವಿನ ಬುಡದ ನೀರು

ತಿಪಟೂರು ತುರುವೇಕೆರೆಗಳ ತೆಂಗಿನ ಸೀಮೆಯ ಅಮ್ಮಸಂದ್ರದಲ್ಲಿ ರೈಲಿಳಿದು ತೋಟಗಳತ್ತ ನಡೆವವನಿಗೆ, ಈ ಹಸುರಿನ ಬುಡದಲ್ಲಿ ವ್ಯಾಧಿಯ ಬೀಜವೂ ಅಡಗಿರಬಹುದೆಂಬ ಶಂಕೆ ಸುಲಭವಾಗಿ ಹುಟ್ಟಲಾರದು. ಆದರೆ ಮಳೆ ಕೈಕೊಟ್ಟು, ಕೆರೆ ಬತ್ತಿ, ತೆಂಗನ್ನುಳಿಸುವ ಹಂಬಲದಿಂದ ಕೊಳವೆಬಾವಿಗಳು ಪಾತಾಳಮುಖಿಗಳಾದಂತೆಲ್ಲ, ಕಲ್ಲಿನ ಬಿರುಕುಗಳಲ್ಲಿ ದೀರ್ಘಕಾಲ ನಿಂತು ಖನಿಜಗಳನ್ನು ಕರಗಿಸಿಕೊಂಡ ಜಲವೇ ಮೇಲೇರುವುದು. ತುಮಕೂರು ಜಿಲ್ಲೆಯ, ವಿಶೇಷತಃ ಪಾವಗಡ ಶಿರಾಗಳ, ಅಂತರ್ಜಲದ ಫ್ಲೋರೈಡು ಬಾಧೆ ಬಹುಕಾಲದಿಂದ ವಿದಿತವಾದುದು. ಲೀಟರಿಗೆ 1.5 ಮಿಲಿಗ್ರಾಂ ವಿಶ್ವ ಆರೋಗ್ಯ ಸಂಸ್ಥೆಯ ಮಿತಿ. ಮೀರಿದರೆ ಮಕ್ಕಳ ಹಲ್ಲಿನಲ್ಲಿ ಕಲೆ, ಬಹಳ ಮೀರಿದುದನ್ನು ವರ್ಷಗಟ್ಟಲೆ ಕುಡಿದರೆ ಕೀಲುಗಳ ಬಿಗಿತ, ಎಲುಬಿನ ವಕ್ರತೆ. ಕುದಿಸಿದರೆ ಶುದ್ಧವಾದೀತೆಂಬ ನಮ್ಮ ಹಿರಿಯರ ಸದ್ಬುದ್ಧಿ ಇಲ್ಲಿ ನಿಷ್ಫಲ: ನೀರು ಆವಿಯಾಗಿ ಹೋಗುವುದು, ಫ್ಲೋರೈಡು ಪಾತ್ರೆಯಲ್ಲೇ ಉಳಿಯುವುದು. ಪೂರ್ವ ಆಫ್ರಿಕದ ಬಿರುಕು ಕಣಿವೆಯಲ್ಲೂ ಇದೇ ವ್ಯಾಧಿ. ಅಲ್ಲಿ ಜ್ವಾಲಾಮುಖಿ ಶಿಲೆ, ಇಲ್ಲಿ ಗ್ರಾನೈಟು.