ಗ್ರಹಣದ ರಾತ್ರಿ ಬಾಗಿಲು ತೆರೆದಿರಲಿ

2025ನೆಯ ಸೆಪ್ಟೆಂಬರ್ 7ರ ಭಾನುವಾರ, ಭಾದ್ರಪದ ಹುಣ್ಣಿಮೆಯ ರಾತ್ರಿ, ಭಾರತದ ಎಲ್ಲ ಭಾಗಗಳಿಗೂ ಕಾಣುವಂತಹ ಸಂಪೂರ್ಣ ಚಂದ್ರಗ್ರಹಣವಾಯಿತು. 9 ಗಂಟೆ 57 ನಿಮಿಷಕ್ಕೆ ಚಂದ್ರಬಿಂಬದ ಅಂಚಿಗೆ ದಟ್ಟ ನೆರಳು ತಾಗಿತು. 11 ಗಂಟೆಯ ಹೊತ್ತಿಗೆ ಬಿಂಬವೆಲ್ಲ ನೆರಳಿನೊಳಗೆ ಸೇರಿತು. 82 ನಿಮಿಷಗಳ ಕಾಲ ಹಾಗೆಯೇ ಇದ್ದು, ನಡುರಾತ್ರಿ ಕಳೆದು 12 ಗಂಟೆ 22 ನಿಮಿಷಕ್ಕೆ ಬೆಳಕಿನ ಮೊದಲ ಗೆರೆ ಮರಳಿತು. 1 ಗಂಟೆ 26 ನಿಮಿಷಕ್ಕೆ ಚಂದ್ರ ಪೂರ್ಣವಾಗಿ ಬಿಡುಗಡೆ ಹೊಂದಿದನು. ಇದನ್ನು ನೋಡಲು ಟಿಕೀಟು ಬೇಡ, ಪ್ರಯಾಣ ಬೇಡ, ಉಪಕರಣ ಬೇಡ. ಮೋಡವಿಲ್ಲದಿದ್ದರೆ ಅಂಗಳಕ್ಕೋ ಮಾಳಿಗೆಗೋ ಬಂದು ತಲೆಯೆತ್ತಿದರೆ ಸಾಕು. ಆದರೂ ಆ ರಾತ್ರಿ ನಮ್ಮವರ ಎಷ್ಟೋ ಮನೆಗಳ ಬಾಗಿಲು ಕಿಟಕಿಗಳು ಮುಚ್ಚಿಯೇ ಇದ್ದವು.

ಪಂಚಾಂಗದ ಲೆಕ್ಕದಂತೆ ಚಂದ್ರಗ್ರಹಣಕ್ಕೆ ಮೂರು ಯಾಮ, ಅಂದರೆ 9 ಗಂಟೆ ಮೊದಲೇ ವೇಧ ಹಿಡಿಯುತ್ತದೆ. ಆ ದಿನ ಮಧ್ಯಾಹ್ನ 1 ಗಂಟೆಯ ಸುಮಾರಿಗೆ ಹಿಡಿದ ವೇಧ ಮುಗಿದದ್ದು ಮರುದಿನದ 1 ಗಂಟೆ 26 ನಿಮಿಷಕ್ಕೆ. ಹನ್ನೆರಡು ಗಂಟೆಗೂ ಮಿಕ್ಕಿದ ಈ ಉಪವಾಸದ ಭಾರ ಯಾರ ಮೇಲೆ ಬೀಳುತ್ತದೆಂದು ನೋಡಿದರೆ, ಗಟ್ಟಿಮುಟ್ಟಾದ ಗಂಡಸರ ಮೇಲಲ್ಲ. ಸಕ್ಕರೆ ಕಾಯಿಲೆಗೆ ಗುಳಿಗೆ ನುಂಗಿದ ಅಜ್ಜಿಯ ಮೇಲೆ, ಹಾಲುಣಿಸುವ ತಾಯಿಯ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ ಬಸುರಿ ಸೊಸೆಯ ಮೇಲೆ. ಕತ್ತರಿ ಮುಟ್ಟಬಾರದು, ಮಗ್ಗುಲು ಬದಲಿಸಬಾರದು, ನೀರು ಕುಡಿಯಬಾರದು ಎಂದು ಆಕೆಯನ್ನು ಕತ್ತಲೆಯ ಕೋಣೆಯಲ್ಲಿ ಕೂಡಿಸಿ ಹೊರಗೆ ಕಾವಲಿರುವುದುಂಟು. ಉಳಿದವರಿಗೆ ಟೆಲಿವಿಜನ್ ಇದೆ. ಆಕೆಗೆ ಅದೂ ಇಲ್ಲ.

ನಮ್ಮ ಮನೆಗಳಲ್ಲಿ ಇದು ನಡೆಯುವುದು ನೋಡಿದಾಗ ಆಶ್ಚರ್ಯವೂ ಆಗುತ್ತದೆ, ಸಂಕಟವೂ ಆಗುತ್ತದೆ. ಜನನ, ಮರಣ, ರಜಸ್ಸು, ಉಚ್ಛಿಷ್ಟ, ಜಾತಿ ಎಂಬ ಐದು ಸೂತಕಗಳು ಲಿಂಗಧಾರಿಗೆ ಇಲ್ಲವೆಂದು ಶರಣರು ಸಾರಿ ಎಂಟು ಶತಮಾನಗಳಿಗೂ ಹೆಚ್ಚು ಕಾಲವಾಯಿತು. ಮನೆಯಲ್ಲಿ ಸಾವು ಸಂಭವಿಸಿದ ದಿನವೂ ಇಷ್ಟಲಿಂಗಪೂಜೆ ನಿಲ್ಲುವುದಿಲ್ಲ. ಹೆಣ್ಣುಮಗಳು ಮುಟ್ಟಾದ ದಿನಗಳಲ್ಲಿಯೂ ಲಿಂಗ ಅಂಗದಿಂದ ಅಗಲುವುದಿಲ್ಲ. ಹುಟ್ಟು ಸಾವುಗಳ ಸೂತಕವನ್ನೇ ಒಪ್ಪದ ಮನೆ, ಮೂರು ಲಕ್ಷ 84 ಸಾವಿರ ಕಿಲೋಮೀಟರು ದೂರದಲ್ಲಿ ಬಿದ್ದ ಒಂದು ನೆರಳಿನ ಸೂತಕವನ್ನು ಹೇಗೆ ಒಪ್ಪಿಕೊಂಡಿತು? ಗ್ರಹಣದ ಹೊತ್ತಿನಲ್ಲಿ ಲಿಂಗಪೂಜೆ, ಜಪ ಮಾಡುವೆನೆಂಬುವರಿಗೆ ಯಾರ ಅಡ್ಡಿಯೂ ಇಲ್ಲ, ಅದು ಒಳ್ಳೆಯದೇ. ಪೂಜೆ ಮುಗಿಸಿ ಹೊರಗೆ ಬನ್ನಿ ಎಂಬುದಷ್ಟೇ ನಮ್ಮ ವಿನಂತಿ.

ಹೊರಗೆ ಬಂದವರಿಗೆ ಕಾಣುವುದೇನು ಎಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಸೂರ್ಯನ ಬೆಳಕಿಗೆ ಎದುರಾಗಿ ನಿಂತಿರುವ ಭೂಮಿಯ ಹಿಂದೆ ಸುಮಾರು 14 ಲಕ್ಷ ಕಿಲೋಮೀಟರು ಉದ್ದದ ನೆರಳು ಶಂಕುವಿನಂತೆ ಸದಾ ಚಾಚಿಕೊಂಡೇ ಇರುತ್ತದೆ. ಚಂದ್ರನಿರುವಷ್ಟು ದೂರದಲ್ಲಿ ಈ ನೆರಳಿನ ಅಗಲ ಚಂದ್ರನ ಅಗಲದ ಎರಡೂವರೆ ಪಟ್ಟಿಗೂ ಹೆಚ್ಚು. ಚಂದ್ರನ ದಾರಿ ಭೂಮಿಯ ದಾರಿಗೆ ಸುಮಾರು 5 ಅಂಶ ಓರೆಯಾಗಿರುವುದರಿಂದ ಹೆಚ್ಚಿನ ಹುಣ್ಣಿಮೆಗಳಲ್ಲಿ ಅವನು ಈ ನೆರಳಿನ ಮೇಲಿಂದಲೋ ಕೆಳಗಿಂದಲೋ ಹಾದುಹೋಗುತ್ತಾನೆ. ಎರಡು ದಾರಿಗಳು ಸಂಧಿಸುವೆಡೆಗೇ ಹುಣ್ಣಿಮೆ ಬಿದ್ದಾಗ ನೆರಳಿನೊಳಗೆ ಹೊಗುತ್ತಾನೆ. ಆ ಸಂಧಿಗಳಿಗೆ ಹಿರಿಯರು ಇಟ್ಟ ಹೆಸರುಗಳೇ ರಾಹು ಮತ್ತು ಕೇತು. ಗಣಿತದ ಬಿಂದುಗಳಿಗೆ ಹಲ್ಲು ಬಾಯಿಗಳನ್ನು ಕೊಟ್ಟದ್ದು ಕಥೆ ಹೇಳುವವರು.

ಚಂದ್ರ ಮೇಲೇರುತ್ತಿರುವ ಹೊತ್ತಿನಲ್ಲಿ ಗ್ರಹಣ ಹಿಡಿದರೆ ಅವನ ಕೆಳಗಿನ ಅಂಚು ಮೊದಲು ಮಾಸುತ್ತದೆ, ಏಕೆಂದರೆ ಅವನು ಪೂರ್ವದ ಕಡೆಗೆ ಚಲಿಸುತ್ತ ನೆರಳನ್ನು ಹೊಗುತ್ತಾನೆ. ಮೊದಲ ಅರ್ಧ ಗಂಟೆ ನೆರಳು ಬೂದಿಯ ಬಣ್ಣವಾಗಿ ತೋರುತ್ತದೆ. ಆಗ ಮಕ್ಕಳಿಗೆ ನೆರಳಿನ ಅಂಚನ್ನು ಗಮನಿಸಲು ಹೇಳಿರಿ. ಅದು ಎಂದೂ ನೆಟ್ಟಗಿರುವುದಿಲ್ಲ, ಯಾವಾಗಲೂ ಬಾಗಿರುತ್ತದೆ. ಭೂಮಿ ದುಂಡಗಿದೆ ಎಂಬುದಕ್ಕೆ ಗ್ರೀಸಿನ ಅರಿಸ್ಟಾಟಲ್ ಕೊಟ್ಟ ಪ್ರಮಾಣಗಳಲ್ಲಿ ಇದೂ ಒಂದು. ಪಾಠಪುಸ್ತಕದಲ್ಲಿ ಓದಿ ಬಾಯಿಪಾಠ ಮಾಡಿದ ಸಂಗತಿಯನ್ನು ಮಗು ತನ್ನ ಮಾಳಿಗೆಯ ಮೇಲೆ ನಿಂತು ಕಣ್ಣಾರೆ ಕಾಣುವ ಅವಕಾಶ ಇದಕ್ಕಿಂತ ಸುಲಭವಾಗಿ ಸಿಕ್ಕದು. ಒಂದು ಹಾಳೆಯ ಮೇಲೆ ಬಳೆಯಿಟ್ಟು ಏಳೆಂಟು ವೃತ್ತಗಳನ್ನು ಬರೆದುಕೊಟ್ಟು, ಹತ್ತು ಹತ್ತು ನಿಮಿಷಕ್ಕೆ ಕಂಡಷ್ಟು ನೆರಳನ್ನು ಪೆನ್ಸಿಲಿನಿಂದ ತುಂಬಲು ಹೇಳಿದರೆ ಅವರು ನಿದ್ದೆಯನ್ನೇ ಮರೆಯುತ್ತಾರೆ.

ಬಿಂಬ ಪೂರ್ತಿ ಮುಳುಗುವ ಹೊತ್ತಿಗೆ ಚಂದ್ರ ಕಾಣದಂತಾಗುವನೆಂದು ಹಲವರು ತಿಳಿದಿರುತ್ತಾರೆ. ಆಗುವುದೇ ಬೇರೆ. ಭೂಮಿಯ ಸುತ್ತಲಿನ ಗಾಳಿಯ ಹೊದಿಕೆ ಬಿಸಿಲನ್ನು ಬಾಗಿಸಿ ನೆರಳಿನೊಳಕ್ಕೆ ಕಳುಹಿಸುತ್ತದೆ. ನೀಲಿ ಬೆಳಕು ದಾರಿಯಲ್ಲೇ ಚದರಿ, ಕೆಂಪು ಮಾತ್ರ ಚಂದ್ರನನ್ನು ಮುಟ್ಟುತ್ತದೆ. ಆ ಗಳಿಗೆಯಲ್ಲಿ ಭೂಮಂಡಲದ ಅಂಚಿನಲ್ಲಿ ಎಲ್ಲೆಲ್ಲಿ ಸೂರ್ಯ ಹುಟ್ಟುತ್ತಿರುವನೋ, ಎಲ್ಲೆಲ್ಲಿ ಮುಳುಗುತ್ತಿರುವನೋ ಆ ಎಲ್ಲ ಸಂಜೆ ಮುಂಜಾವುಗಳ ಕೆಂಪು ಒಟ್ಟಾಗಿ ಚಂದ್ರನ ಮೇಲೆ ಬಿದ್ದಿರುತ್ತದೆ. ಈ ಕೆಂಪು ಪ್ರತಿ ಗ್ರಹಣಕ್ಕೂ ಒಂದೇ ಬಗೆಯಾಗಿರುವುದಿಲ್ಲ. ಫಿಲಿಪ್ಪೀನ್ಸ್ ದೇಶದ ಪಿನಟೂಬೊ ಜ್ವಾಲಾಮುಖಿ 1991ರಲ್ಲಿ ಸಿಡಿದು ಆಕಾಶದ ಮೇಲ್ಪದರವನ್ನು ಸೇರಿದ ಕಣಗಳಿಂದಾಗಿ 1992ರ ಡಿಸೆಂಬರಿನ ಗ್ರಹಣದಲ್ಲಿ ಚಂದ್ರ ತೀರ ಕಪ್ಪಾಗಿ ಕಂಡನು. ಹೀಗಾಗಿ ಗ್ರಹಣದ ಬಣ್ಣವೆಂದರೆ ನಮ್ಮ ಭೂಮಿಯ ಗಾಳಿಯ ಆರೋಗ್ಯವನ್ನು ಹೇಳುವ ನಾಡಿಯೂ ಹೌದು. ಫ್ರಾನ್ಸಿನ ಖಗೋಳಜ್ಞ ಡಾಂಜಾನ್ ಎಂಬವರು ಈ ಬಣ್ಣವನ್ನು ಬರಿಗಣ್ಣಿನಿಂದಲೇ ಅಳೆಯಲು 0ಯಿಂದ 4ರವರೆಗೆ ಒಂದು ಶ್ರೇಣಿಯನ್ನು ರೂಪಿಸಿದ್ದಾರೆ: ಕಾಣದಷ್ಟು ಕಪ್ಪಾದರೆ 0, ಹೊಳೆಯುವ ತಾಮ್ರದ ಬಣ್ಣವಾದರೆ 4.

ಹುಣ್ಣಿಮೆಯ ಬೆಳಕಿನಲ್ಲಿ ಮುಚ್ಚಿಹೋಗಿದ್ದ ಚಿಕ್ಕ ನಕ್ಷತ್ರಗಳೆಲ್ಲ ಆಗ ಹೊರಬರುತ್ತವೆ. 2025ರ ಗ್ರಹಣದಲ್ಲಿ ಚಂದ್ರನ ಬಳಿಯೇ ಶನಿಗ್ರಹವಿತ್ತು. ಶನಿ, ರಾಹು, ಗ್ರಹಣ ಮೂರೂ ಒಂದೆಡೆ ಎಂದು ಹೆದರಿಸಿದವರಿಗೇನೂ ಕಡಿಮೆಯಿರಲಿಲ್ಲ. ನೋಡಿದವರಿಗೆ ಮಾತ್ರ ಅದು ಕೆಂಪು ಬಿಂಬದ ಪಕ್ಕದಲ್ಲಿ ಮಿನುಗದೆ ಉರಿಯುವ ಒಂದು ದೀಪದಂತಿತ್ತು. ಮನೆಯಲ್ಲಿ ಬೈನಾಕ್ಯುಲರ್ ಇದ್ದರೆ ನೆರಳಿನ ಅಂಚಿನಲ್ಲಿ ತೆಳುವಾದ ನೀಲಿಯ ಗೆರೆಯನ್ನೂ ಕಾಣಬಹುದು. ಸೂರ್ಯಗ್ರಹಣದಂತೆ ಇಲ್ಲಿ ಕಣ್ಣಿಗೆ ಅಪಾಯವೇ ಇಲ್ಲ. ಹುಣ್ಣಿಮೆಯ ಚಂದ್ರನನ್ನು ನೋಡುವಾಗ ಇಲ್ಲದ ಭಯ ಅವನು ಮಂಕಾದಾಗ ಏಕೆ ಬರಬೇಕು? ಮೊಬೈಲಿನ ಚಿತ್ರಗಳ ಬಗ್ಗೆ ಹೇಳುವುದಾದರೆ, ಹತ್ತು ಸಲ ತೆಗೆದರೂ ಚುಕ್ಕೆಯಷ್ಟೇ ಬರುತ್ತದೆ. ಆ ಹೊತ್ತನ್ನು ನೋಡುವುದಕ್ಕೆ ಕಳೆಯುವುದು ಲೇಸು.

ಗ್ರಹಣದ ದಿನ ಹಿತ್ತಾಳೆ ತಟ್ಟೆಯ ನೀರಿನಲ್ಲಿ ಒನಕೆ ತಾನಾಗಿ ನಿಲ್ಲುತ್ತದೆಂದು ಹೇಳಿ ನಿಲ್ಲಿಸಿ ತೋರಿಸುವುದು ನಮ್ಮ ಕಡೆ ವಾಡಿಕೆ. ಒನಕೆ ನಿಲ್ಲುವುದು ನಿಜವೇ. ಅದರ ತಳಕ್ಕೆ ಕಬ್ಬಿಣದ ಕಟ್ಟು ಇರುತ್ತದೆ, ತಳ ಮಟ್ಟಸವಾಗಿರುತ್ತದೆ, ತೂಕವೂ ಇರುತ್ತದೆ. ಮುಂದಿನ ಯಾವುದಾದರೊಂದು ಸೋಮವಾರ ಬೆಳಿಗ್ಗೆ ನಿಲ್ಲಿಸಿ ನೋಡಿರಿ, ಆಗಲೂ ನಿಲ್ಲುತ್ತದೆ. ಮಕ್ಕಳ ಕೈಯಿಂದಲೇ ಈ ಪರೀಕ್ಷೆ ಮಾಡಿಸುವುದು ಇನ್ನೂ ಒಳ್ಳೆಯದು.

ಒನಕೆಯ ಮಾತು ನಗುವಿನಲ್ಲಿ ಕಳೆಯುತ್ತದೆ. ಬಸುರಿಯ ಮಾತು ಹಾಗಲ್ಲ. ಕಳೆದ ಗ್ರಹಣದ ರಾತ್ರಿ ನಮ್ಮ ಓಣಿಯ ಮನೆಯೊಂದರಲ್ಲಿ ಏಳು ತಿಂಗಳ ಬಸುರಿ ಸೊಸೆಯನ್ನು ಮಾಳಿಗೆಗೆ ಕರೆತರಬಾರದೇ ಎಂದು ಅತ್ತೆಯನ್ನು ಕೇಳಿದಾಗ ಆಕೆ ಹೇಳಿದ್ದು ಇಷ್ಟು: “ನೀವೇನೋ ಹೇಳ್ತೀರಿ. ನಾಳೆ ಕೂಸಿಗೆ ಏನರ ಆದ್ರ ಮಂದಿ ನನ್ನ ಕೇಳ್ತಾರ್ರಿ.” ಆಕೆಯ ಭಯ ಚಂದ್ರನದಲ್ಲ, ಮಂದಿಯದು. ಸೀಳುತುಟಿಯ ಕೂಸು ಹುಟ್ಟಿದರೆ, ಗ್ರಹಣದ ದಿನ ನೀನೇನು ಕತ್ತರಿಸಿದೆ ಎಂದು ತಾಯಿಯನ್ನು ಜೀವಮಾನವಿಡೀ ಕೇಳುವ ಜನ ನಾವು. ಗರ್ಭಸ್ಥ ಶಿಶುವಿನ ತುಟಿ ರೂಪುಗೊಳ್ಳುವುದು 4ರಿಂದ 7ನೆಯ ವಾರದೊಳಗೆ, ಎಷ್ಟೋ ಹೆಣ್ಣುಮಕ್ಕಳಿಗೆ ತಾವು ಬಸುರಿ ಎಂಬುದು ಇನ್ನೂ ಖಚಿತವಾಗದ ಹೊತ್ತಿನಲ್ಲಿ. ಏಳನೆಯ ತಿಂಗಳಲ್ಲಿ ಯಾವ ನೆರಳೂ, ಯಾವ ಕತ್ತರಿಯೂ ಆ ತುಟಿಯನ್ನು ಸೀಳಲಾರದು. ಅಷ್ಟು ಹೊತ್ತು ನೀರಿಲ್ಲದೆ ಕೂಡಿಸುವುದರಿಂದ ಮಾತ್ರ ಕೆಡುಕಾದೀತು. ಆ ಮನೆಯಲ್ಲಿ ಕೊನೆಗೆ ಮಾತಾಡಿದವರು ಮಾವನವರು. ತಾವೇ ಒಂದು ಕುರ್ಚಿಯನ್ನು ಮೆಟ್ಟಿಲೇರಿಸಿ ತಂದಿಟ್ಟು, “ಬಾ ಯವ್ವಾ, ಇಲ್ಲಿ ಕೂಡು” ಎಂದರು. ಮನೆಯ ಹಿರಿಯರು ಹೊಣೆ ಹೊತ್ತರೆ ಮಂದಿಯ ಬಾಯಿ ತಾನಾಗಿ ಕಟ್ಟುತ್ತದೆ.

ಹಿರಿಯರು ಹೊಣೆ ಹೊರದಿದ್ದಾಗ ಏನಾಗುತ್ತದೆಂಬುದಕ್ಕೆ ದೂರ ಹೋಗಬೇಕಿಲ್ಲ. 2019ರ ಡಿಸೆಂಬರ್ 26ರ ಸೂರ್ಯಗ್ರಹಣದಂದು ಕಲಬುರಗಿಯ ಬಳಿಯ ತಾಜಸುಲ್ತಾನಪುರದಲ್ಲಿ ಅಂಗವಿಕಲ ಮಕ್ಕಳನ್ನು, ಗ್ರಹಣದಲ್ಲಿ ಹೂಳಿದರೆ ಅಂಗ ಸರಿಹೋಗುವುದೆಂದು ನಂಬಿ, ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂಳಿದ್ದರು. ಆ ತಂದೆ ತಾಯಂದಿರು ಕ್ರೂರಿಗಳೆಂದು ನಾವು ಹೇಳಲಾರೆವು. ಮಗು ನಡೆದಾಡಲಿ ಎಂಬ ಆಸೆಯೇ ಅವರಿಂದ ಅದನ್ನು ಮಾಡಿಸಿತು. ಆದರೆ ಮಣ್ಣಿನಲ್ಲಿ ಅತ್ತವರು ಆ ಮಕ್ಕಳು.

ಹಿಂದಿನವರೆಲ್ಲ ಹೀಗೆಯೇ ಇದ್ದರೆಂಬುದೂ ಸರಿಯಲ್ಲ. ಆರ್ಯಭಟನು 499ರಲ್ಲಿಯೇ ಚಂದ್ರಗ್ರಹಣಕ್ಕೆ ಭೂಮಿಯ ನೆರಳೇ ಕಾರಣವೆಂದು ಬರೆದನು. ಕಲ್ಯಾಣದಲ್ಲಿ ಶರಣರು ನೆರೆದ ಶತಮಾನದಲ್ಲಿಯೇ, 1150ರಲ್ಲಿ, ಭಾಸ್ಕರಾಚಾರ್ಯನು ತನ್ನ ‘ಸಿದ್ಧಾಂತ ಶಿರೋಮಣಿ’ಯಲ್ಲಿ ಚಂದ್ರಗ್ರಹಣದ ಗಣಿತಕ್ಕೆ ಒಂದು ಅಧಿಕಾರವನ್ನೇ ಮೀಸಲಿಟ್ಟನು. ನಮ್ಮ ನಾಡಿನ ಕಲ್ಲುಶಾಸನಗಳನ್ನು ನೋಡಿದರೆ ಗ್ರಹಣವು ಕದ ಮುಚ್ಚುವ ದಿನವಾಗಿರದೆ ಕೈ ಬಿಚ್ಚುವ ದಿನವಾಗಿತ್ತು. ಸೋಮಗ್ರಹಣದ ನಿಮಿತ್ತ ಗದ್ದೆ ಬಿಟ್ಟವರ, ಗುಡಿಗೆ ಊರಿಗೆ ದಾನ ಕೊಟ್ಟವರ ಹೆಸರುಗಳು ಶಾಸನಗಳ ತುಂಬ ಇವೆ. ಅವರು ಕೆತ್ತಿಸಿದ ತಿಥಿವಾರಗಳು ಇಂದು ಖಗೋಳ ಅಭ್ಯಾಸಿಗಳಿಗೂ ಇತಿಹಾಸಕಾರರಿಗೂ ಕಾಲನಿರ್ಣಯದ ಆಧಾರಗಳಾಗಿವೆ. ಬೆಂಗಳೂರಿನ ಜವಾಹರಲಾಲ್ ನೆಹರೂ ತಾರಾಲಯದಲ್ಲಿದ್ದ ಡಾ. ಬಿ. ಎಸ್. ಶೈಲಜಾ ಅವರು ಈ ಬಗೆಯ ಶಾಸನೋಕ್ತ ಗ್ರಹಣಗಳನ್ನು ಅಧ್ಯಯನ ಮಾಡಿರುವುದು ಮೆಚ್ಚತಕ್ಕ ಕೆಲಸ. ದಾನದ ಆ ಪದ್ಧತಿಯನ್ನು ಉಳಿಸಿಕೊಂಡು ವೇಧವನ್ನು ಬಿಟ್ಟಿದ್ದರೆ ಚೆನ್ನಾಗಿತ್ತು; ನಾವು ಮಾಡಿದ್ದು ತದ್ವಿರುದ್ಧ.

ಇನ್ನು ಗ್ರಹಣದ ಅಡುಗೆಯ ಮಾತು. ನೆರಳಿನಿಂದ ಅನ್ನ ಹಳಸುವುದಿಲ್ಲ. ಹೊತ್ತು ಮೀರಿದರೆ ಯಾವ ದಿನವಾದರೂ ಹಳಸುತ್ತದೆ. ರಾತ್ರಿ 8 ಗಂಟೆಗೆ ಎಂದಿನಂತೆ ಪ್ರಸಾದ ಸ್ವೀಕರಿಸಿ, ಮಾಳಿಗೆಯ ಮೇಲೆ ಚಾಪೆ ಹಾಸಿ, ಮಕ್ಕಳಿಗಾಗಿ ಒಂದು ಡಬ್ಬಿಯಲ್ಲಿ ಚುರುಮುರಿ, ಒಂದು ತಂಬಿಗೆ ನೀರು ಇಟ್ಟುಕೊಂಡರೆ ಸಿದ್ಧತೆ ಮುಗಿಯಿತು. ಮುದುಕರಿಗೆ ಶಾಲು ಇರಲಿ. ಓಣಿಯ ದೀಪ ಕಣ್ಣಿಗೆ ಹೊಡೆಯದ ಮೂಲೆಯನ್ನು ಹಗಲಿನಲ್ಲೇ ಗೊತ್ತುಮಾಡಿಕೊಂಡರೆ ಉತ್ತಮ.

2026ರ ಮಾರ್ಚ್ 3ರದು ಚಂದ್ರೋದಯಕ್ಕೆ ಮುನ್ನವೇ ಬಹುಭಾಗ ಕಳೆಯುವ ಗ್ರಹಣ. ಕರ್ನಾಟಕಕ್ಕೆ ಅದರ ಕೊನೆಯ ತುಣುಕಷ್ಟೇ. ಅದೇ ವರ್ಷದ ಆಗಸ್ಟ್ 28ರದು ನಮಗೆ ಹಗಲಿನ ಹೊತ್ತಿನದು. 2027ರವು ಬರಿಯ ಅರೆನೆರಳಿನವು, ಕಣ್ಣಿಗೆ ಹತ್ತುವುದು ಕಷ್ಟ. 2028ರ ಜುಲೈ 6ರ ರಾತ್ರಿ ಭಾಗಶಃ ಗ್ರಹಣವಿದೆ, ಆದರೆ ಅದು ಮಳೆಗಾಲ. ಮನೆಮಂದಿಯೆಲ್ಲ ಕುಳಿತು ನೋಡಲು ತಕ್ಕುದು 2028ರ ಡಿಸೆಂಬರ್ 31ರ ಸಂಪೂರ್ಣ ಗ್ರಹಣ. ರಾತ್ರಿ ಎಂಟೂವರೆ ದಾಟಿದ ಮೇಲೆ ನೆರಳು ತಾಗಿ, ಹತ್ತು ಗಂಟೆಗೆ ಮೊದಲೇ ಬಿಂಬ ಪೂರ್ತಿ ಮುಳುಗಿ, ಒಂದು ಗಂಟೆಗೂ ಹೆಚ್ಚು ಕಾಲ ಕೆಂಪಾಗಿರುತ್ತದೆ. ಚಳಿಗಾಲದ ಆಕಾಶ, ಚಂದ್ರ ಸಾಕಷ್ಟು ಎತ್ತರದಲ್ಲಿ, ಮರುದಿನ ಹೊಸ ವರ್ಷದ ಮೊದಲ ದಿನ. 2025ರಲ್ಲಿ ಬಸುರಿನಲ್ಲಿದ್ದ ಕೂಸುಗಳಿಗೆ ಆಗ ಸುಮಾರು ಮೂರು ವರ್ಷವಾಗಿರುತ್ತದೆ, ಎತ್ತಿಕೊಂಡು ತೋರಿಸಬಹುದು.