ಕಾಲು ಚಾಚಲು ಎಷ್ಟು ಕ್ವಿಂಟಾಲ್?

ಕೊಪ್ಪದಲ್ಲಿ ಕೂತು ವಿಮಾನದ ಟಿಕೆಟ್ ಮಾಡಿಕೊಡುವವನಿಗೆ ರೂಪಾಯಿಯ ಲೆಕ್ಕ ಮಾತ್ರ ಬಂದರೆ ಸಾಲದು. ನಾನು ದರ ಎಷ್ಟೇ ಹೇಳಲಿ, ಎದುರಿನ ಕುರ್ಚಿಯಲ್ಲಿ ಕೂತವರು ಒಳಗೊಳಗೇ ಅದನ್ನು ಅಡಿಕೆಗೆ ಇಳಿಸುತ್ತಿರುತ್ತಾರೆ. ರಾಶಿ ಅಡಿಕೆ ಕ್ವಿಂಟಾಲಿಗೆ ಐವತ್ತು ಸಾವಿರದ ಆಸುಪಾಸಿನಲ್ಲಿದ್ದರೆ ಅಮೆರಿಕಕ್ಕೆ ಹೋಗಿಬರುವ ಎಕಾನಮಿ ಟಿಕೆಟ್ಟಿಗೆ ಎರಡು ಮೂರು ಕ್ವಿಂಟಾಲ್ ಬೇಕು. ಬಿಸಿನೆಸ್ ಕ್ಲಾಸಿಗೆ ಎಂಟು ಹತ್ತು. ಫಸ್ಟ್ ಕ್ಲಾಸ್ ಅಂದರೆ ಒಂದು ಎಕರೆ ಒಳ್ಳೆಯ ತೋಟದ ಇಡೀ ವರ್ಷದ ಫಸಲು ಸುರಿದರೂ ಕಡಿಮೆ ಬೀಳಬಹುದು.

“ಅಷ್ಟು ಕೊಟ್ರೆ ಎಂತ ಕೊಡ್ತಾರೆ ಮಾರಾಯ?” ಎಂಬುದು ಮುಂದಿನ ಪ್ರಶ್ನೆ. ಕೇಳಬೇಕಾದ ಪ್ರಶ್ನೆಯೇ. ಉತ್ತರ ಮಾತ್ರ ಜಾಹೀರಾತಿನಲ್ಲಿ ಸಿಗುವುದಿಲ್ಲ.

ಮುಂದಿನ ಸೀಟಿನ ಆಸೆ

ಮುಂದೆ ಕೂರುವ ಆಸೆ ನಮ್ಮ ಕಡೆ ಹೊಸದೇನಲ್ಲ. ಶಂಕರ್ ಕಂಪನಿಯ ಬಸ್ಸುಗಳು ನಿಂತ ಮೇಲೆ ಅದರ ಕೆಲಸಗಾರರೇ ಸೇರಿಕೊಂಡು 1991ರಲ್ಲಿ ಕೊಪ್ಪದಲ್ಲಿ ಸಹಕಾರ ಸಾರಿಗೆ ಕಟ್ಟಿದರು. 2020ರಲ್ಲಿ ಅದೂ ನಿಲ್ಲುವ ತನಕ ಮಲೆನಾಡಿನ ಎಷ್ಟೋ ಹಳ್ಳಿಗಳಿಗೆ ಅದೇ ದಿಕ್ಕಾಗಿತ್ತು. ಆ ಬಸ್ಸಿನಲ್ಲಿ ಎಲ್ಲ ಸೀಟಿಗೂ ಒಂದೇ ದರ. ಘಾಟಿಯ ತಿರುವಿನಲ್ಲಿ ಹೊಟ್ಟೆ ತೊಳಸುವವರು ಕಂಡಕ್ಟರನ ಹತ್ತಿರ ಹೇಳಿ ಮುಂದೆ ಬಂದು ಕೂರುತ್ತಿದ್ದರು, ಅಷ್ಟೆ.

ವಿಮಾನದಲ್ಲೂ ನಮ್ಮವರು ಮೊದಲು ಕಂಡದ್ದು ಒಂದೇ ದರ್ಜೆಯನ್ನು. ಗೊರೂರಿನ ಕ್ಯಾಪ್ಟನ್ ಗೋಪಿನಾಥ್ 2003ರಲ್ಲಿ ಏರ್ ಡೆಕ್ಕನ್ ಶುರು ಮಾಡಿ, ಊಟ ಉಪಚಾರ ತೆಗೆದು, ದರ ಇಳಿಸಿ, ಜನಸಾಮಾನ್ಯರನ್ನು ವಿಮಾನ ಹತ್ತಿಸಿದರು. ಈಗ ಶಿವಮೊಗ್ಗದ ಸೋಗಾನೆಯಲ್ಲಿ ವಿಮಾನ ನಿಲ್ದಾಣವಿದೆ. ನಮ್ಮ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ ಹುಟ್ಟಿದ ಕುವೆಂಪು ಅವರ ಹೆಸರನ್ನೇ ಅದಕ್ಕೆ ಇಟ್ಟಿದ್ದಾರೆ. 2023ರ ಆಗಸ್ಟ್ 31ರಂದು ಅಲ್ಲಿಗೆ ಬೆಂಗಳೂರಿನಿಂದ ಮೊದಲ ಪ್ರಯಾಣಿಕರ ವಿಮಾನ ಬಂತು. ಎಟಿಆರ್ ಎಂಬ ಆ ಪಂಖದ ವಿಮಾನದಲ್ಲೂ ಪರದೆ ಕಟ್ಟಿದ ದರ್ಜೆ ಇರಲಿಲ್ಲ. ಹಾಗಾಗಿ ಪರದೆಯ ಆಚೆಗಿನ ಲೋಕ ನಮ್ಮವರ ಕಣ್ಣಿಗೆ ಬೀಳುವುದು ವಿದೇಶಕ್ಕೆ ಹೊರಟಾಗಲೇ.

ಹೊರಡುವವರಲ್ಲಿ ಮೂರು ಬಗೆ. ಶೃಂಗೇರಿ, ಕೊಪ್ಪದ ಅಡಿಕೆ ಮನೆಗಳ ಹಿರಿಯರು ಮಕ್ಕಳನ್ನು, ಮೊಮ್ಮಕ್ಕಳನ್ನು ನೋಡಲು ಅಮೆರಿಕಕ್ಕೋ ಆಸ್ಟ್ರೇಲಿಯಾಕ್ಕೋ ಹೋಗುತ್ತಾರೆ. ಎನ್.ಆರ್.ಪುರದ ಕಡೆ ಕೇರಳದಿಂದ ಬಂದು ನೆಲೆಸಿದ ಕುಟುಂಬಗಳ ಮಕ್ಕಳು ಹೊರದೇಶದಲ್ಲಿ ನರ್ಸ್ ಕೆಲಸದಲ್ಲಿರುತ್ತಾರೆ. ಅವರ ಅಪ್ಪ ಅಮ್ಮಂದಿರು ಕೆಲವೊಮ್ಮೆ ಬೆಂಗಳೂರು ಬಿಟ್ಟು ಕೊಚ್ಚಿಯಿಂದಲೇ ಟಿಕೆಟ್ ಕೇಳುತ್ತಾರೆ. ಮೂರನೆಯವರು ಕಾಫಿಗೆ ರೇಟು ಬಂದ ವರ್ಷ ಮದುವೆಯ ಇಪ್ಪತ್ತೈದನೇ ವರ್ಷಕ್ಕೆಂದು ಸ್ವಿಟ್ಜರ್ಲೆಂಡ್ ನೋಡಲು ಹೊರಡುವ ಎಸ್ಟೇಟಿನ ಜೋಡಿಗಳು. ವಿದೇಶದಲ್ಲಿ ಚಿತ್ರೀಕರಣವಾದ ಮೊದಲ ಕನ್ನಡ ಸಿನಿಮಾ, 1978ರ ‘ಸಿಂಗಾಪೂರ್‌ನಲ್ಲಿ ರಾಜಾ ಕುಳ್ಳ’ ನೋಡಿ ಬೆಳೆದ ತಲೆಮಾರು ಇದು. ಆಗ ಪರದೆಯ ಮೇಲೆ ನೋಡಿದ್ದನ್ನು ಈಗ ಕಣ್ಣಾರೆ ನೋಡುವ ಹುಕಿ.

ಹಾಗೆಂದು ತೋಟದ ದುಡ್ಡಿನಲ್ಲಿ ಮುಂದೆ ಕೂರುವವರು ಬಹಳ ಜನ ಇದ್ದಾರೆಂದು ತಿಳಿಯಬೇಡಿ. ಹಳದಿ ಎಲೆ ರೋಗ ದಶಕಗಳಿಂದ ಈ ಮೂರು ತಾಲ್ಲೂಕಿನ ತೋಟಗಳನ್ನು ತಿನ್ನುತ್ತಾ ಬಂದಿದೆ. ಈಚೆಗೆ ಎಲೆಚುಕ್ಕಿಯೂ ಸೇರಿಕೊಂಡಿದೆ. ತೋಟ ನಂಬಿದರೆ ಆಗುವುದಿಲ್ಲವೆಂದು ಓದಿಸಿ ಕಳಿಸಿದ ಮಕ್ಕಳೇ ಇವತ್ತು ಅಪ್ಪ ಅಮ್ಮನಿಗೆ ಮುಂದಿನ ಸೀಟು ಕೊಡಿಸುತ್ತಿದ್ದಾರೆ. ಅದೂ ಬಹುಪಾಲು ನಗದಿನಲ್ಲಲ್ಲ, ಮೈಲ್ಸ್‌ನಲ್ಲಿ. ಅದರ ವಿಷಯ ಮುಂದೆ ಹೇಳುತ್ತೇನೆ.

ಬಾಗಿಲು, ಹಾಸಿಗೆ, ಐದು ನಿಮಿಷದ ನೀರು

ಎಕಾನಮಿಯಲ್ಲಿ ಒಂದು ಸಾಲಿಗೂ ಇನ್ನೊಂದು ಸಾಲಿಗೂ ಇರುವ ಅಂತರ ಸಾಮಾನ್ಯವಾಗಿ 31–32 ಇಂಚು. ಫಸ್ಟ್ ಕ್ಲಾಸಿನಲ್ಲಿ ಸೀಟು ಬಿಚ್ಚಿದರೆ ಆರೂವರೆ ಅಡಿಯ ಹಾಸಿಗೆ. ಉಳಿದದ್ದೆಲ್ಲ ಇದರ ಮೇಲಿನ ಒಗ್ಗರಣೆ.

ಒಗ್ಗರಣೆಯೂ ಜೋರಾಗಿಯೇ ಇರುತ್ತದೆ. 2022ರ ಅಕ್ಟೋಬರ್ 14ರಂದು ಎಮಿರೇಟ್ಸ್ ತನ್ನ ಎರಡು ಮಹಡಿಯ ಎ380 ವಿಮಾನವನ್ನು ಬೆಂಗಳೂರಿಗೆ ತಂದಿತು. ಅದರ ಮೇಲಿನ ಮಹಡಿಯ ಮೂತಿಯ ಕಡೆ ಹದಿನಾಲ್ಕು ಫಸ್ಟ್ ಕ್ಲಾಸ್ ಸೂಟ್‌ಗಳು, ಎರಡು ಸ್ನಾನದ ಕೋಣೆಗಳು. ಆಗ ಕೂಡಿಟ್ಟ ಪಾಯಿಂಟ್ಸ್ ಸುರಿದು ದುಬೈವರೆಗೆ ನಾನೂ ಒಮ್ಮೆ ಕೂತು ಹೋದೆ. ಗುಂಡಿ ಒತ್ತಿದರೆ ಸೊಂಟಕ್ಕಿಂತ ಸ್ವಲ್ಪ ಎತ್ತರದ ಬಾಗಿಲು ಸರಿದು ಮುಚ್ಚಿಕೊಳ್ಳುತ್ತದೆ. ಚಾವಣಿ ಮಾತ್ರ ಎಲ್ಲರಿಗೂ ಸೇರಿದ್ದು, ಪಕ್ಕದವರ ಗೊರಕೆಗೆ ಯಾವ ತಡೆಯೂ ಇಲ್ಲ. ಸ್ನಾನಕ್ಕೆ ಮೊದಲೇ ಹೊತ್ತು ಗೊತ್ತು ಮಾಡಿಕೊಳ್ಳಬೇಕು. ಕೋಣೆ ಅರ್ಧ ಗಂಟೆ ನಿಮ್ಮದು, ನೀರು ಐದೇ ನಿಮಿಷ. ಎಷ್ಟು ಉಳಿದಿದೆಯೆಂದು ಗೋಡೆಯ ದೀಪ ತೋರಿಸುತ್ತಿರುತ್ತದೆ. ಬಚ್ಚಲ ಹಂಡೆಯಿಂದ ಮೊಗೆಮೊಗೆದು ಮಿಂದು ಬೆಳೆದ ನಾನು ಆ ದೀಪ ನೋಡುತ್ತಲೇ ಸೋಪು ತೊಳೆದುಕೊಂಡೆ. ಬೆಂಗಳೂರಿನಿಂದ ದುಬೈಗೆ ಸುಮಾರು ನಾಲ್ಕು ಗಂಟೆಯ ಹಾರಾಟ. ಊಟ, ಸ್ನಾನ, ಮೆನು ಓದುವುದರಲ್ಲೇ ಹೊತ್ತು ಹೋಯಿತು. ಹಾಸಿಗೆ ಬಿಚ್ಚಲೇ ಇಲ್ಲ. ದುಡ್ಡು ಕೊಟ್ಟು ಹೋಗಿದ್ದರೆ ಹೊಟ್ಟೆ ಉರಿಯುತ್ತಿತ್ತು.

ಫಸ್ಟ್ ಕ್ಲಾಸ್ ಹೀಗಿದ್ದರೂ ದಿನೇದಿನೇ ಕರಗುತ್ತಿದೆ. 2000ದಲ್ಲಿ ಬ್ರಿಟಿಷ್ ಏರ್‌ವೇಸ್ ಬಿಸಿನೆಸ್ ಕ್ಲಾಸಿನಲ್ಲೇ ಪೂರ್ತಿ ಮಲಗುವ ಹಾಸಿಗೆ ಕೊಟ್ಟಿತು. 2017ರಲ್ಲಿ ಕತಾರ್ ಏರ್‌ವೇಸ್ ಅದಕ್ಕೆ ಬಾಗಿಲನ್ನೂ ಇಟ್ಟಿತು. ಹಾಸಿಗೆ, ಬಾಗಿಲು ಎರಡೂ ಕಡಿಮೆ ದರಕ್ಕೆ ಸಿಕ್ಕ ಮೇಲೆ ಅದರ ಮೇಲಿನ ದರ್ಜೆಗೆ ಯಾರು ಹೋಗುತ್ತಾರೆ? 2021ರ ಜನವರಿಯಲ್ಲಿ ಮಹಿಳಾ ಪೈಲಟ್‌ಗಳೇ ಉತ್ತರ ಧ್ರುವದ ಮೇಲಿಂದ ಹಾರಿಸಿಕೊಂಡು ಬಂದ ಏರ್ ಇಂಡಿಯಾದ ಸ್ಯಾನ್ ಫ್ರಾನ್ಸಿಸ್ಕೊ–ಬೆಂಗಳೂರು ವಿಮಾನದಲ್ಲಿ 238 ಸೀಟುಗಳ ಪೈಕಿ ಎಂಟು ಫಸ್ಟ್ ಕ್ಲಾಸಿನವು. ಅದೇ ಸಂಸ್ಥೆ 2024ರಲ್ಲಿ ಓಡಿಸಲು ಶುರು ಮಾಡಿದ ಎ350ರಲ್ಲಿ 28 ಬಿಸಿನೆಸ್, 24 ಪ್ರೀಮಿಯಂ ಎಕಾನಮಿ, 264 ಎಕಾನಮಿ. ಫಸ್ಟ್ ಕ್ಲಾಸೇ ಇಲ್ಲ. ಇನ್ನೊಂದು ಮಾತು. ಅಮೆರಿಕದ ಒಳಗೆ ಊರಿಂದೂರಿಗೆ ಹಾರುವ ಸಣ್ಣ ವಿಮಾನಗಳಲ್ಲಿ ‘ಫಸ್ಟ್’ ಎಂದು ಮಾರುವುದು ಸಾಮಾನ್ಯವಾಗಿ ಸ್ವಲ್ಪ ಅಗಲದ ಒರಗುವ ಸೀಟು. ಹೆಸರು ನೋಡಿ ದುಡ್ಡು ಕೊಡಬೇಡಿ.

ಮುಂದೆ ಕೂತರೂ ಬದಲಾಗದ್ದು ಗಾಳಿ. ವಿಮಾನದೊಳಗಿನ ಒತ್ತಡವನ್ನು ಸುಮಾರು ಆರರಿಂದ ಎಂಟು ಸಾವಿರ ಅಡಿ ಎತ್ತರದಲ್ಲಿ ಇರುವಷ್ಟಕ್ಕೆ ಹೊಂದಿಸಿರುತ್ತಾರೆ. ಕುದುರೆಮುಖದ ನೆತ್ತಿ 1,894 ಮೀಟರ್, ಅಂದರೆ ಸುಮಾರು 6,200 ಅಡಿ. ಹೊಸ ವಿಮಾನಗಳಾದರೆ ಇಡೀ ರಾತ್ರಿ ಕುದುರೆಮುಖದ ತುದಿಯಲ್ಲಿ ಕೂತಂತೆ, ಹಳೆಯವಾದರೆ ಇನ್ನೂ ಮೇಲೆ. ತೇವಾಂಶ ಸಾಮಾನ್ಯವಾಗಿ ಶೇ 20ಕ್ಕಿಂತ ಕಡಿಮೆ. ಆಗುಂಬೆ ಬದಿಯ ಮಳೆಯಲ್ಲಿ ಗೋಡೆಯೂ ಬೆವರುವುದನ್ನು ಕಂಡವರಿಗೆ ಅಲ್ಲಿ ತುಟಿ ಒಡೆಯುತ್ತದೆ, ನಾಲಿಗೆಗೆ ಉಪ್ಪು ಸಿಹಿ ಸರಿಯಾಗಿ ಹತ್ತುವುದಿಲ್ಲ. ಎಷ್ಟು ಲಕ್ಷ ಕೊಟ್ಟರೂ ಊಟ ಸಪ್ಪೆ ಅನ್ನಿಸುವುದಕ್ಕೆ ಇದೂ ಒಂದು ಕಾರಣ.

ಯಾವ ರಾತ್ರಿ, ಯಾರ ಬೆನ್ನು?

ಶೃಂಗೇರಿ ಕಡೆಯ ದಂಪತಿ ಅಮೆರಿಕದ ಮಗಳ ಮನೆಗೆ ಹೊರಟಿದ್ದರು. ಯಜಮಾನರಿಗೆ ಎಪ್ಪತ್ತರ ಮೇಲೆ, ಅಮ್ಮನವರಿಗೆ ಮಂಡಿ ನೋವು. ಇಬ್ಬರಿಗೂ ಹೋಗಿಬರಲು ಮುಂದಿನ ಸೀಟೇ ಇರಲೆಂದು ಮಗಳ ಹಟ. ನಾನು ಕಂಪ್ಯೂಟರಿನ ಪರದೆ ಅವರತ್ತ ತಿರುಗಿಸಿ ಸೀಟಿನ ನಕ್ಷೆ ತೋರಿಸಿದೆ. ಯಜಮಾನರು ದರ ಕೇಳಿ ಕನ್ನಡಕ ತೆಗೆದು ಒರೆಸತೊಡಗಿದರು. ಅಮ್ಮನವರು ದರ ಕೇಳಲೇ ಇಲ್ಲ. “ಇದ್ರಲ್ಲಿ ಕಾಲು ನೀಡಿ ಮಲಗೂಕೆ ಆಗ್ತದಾ?” ಎಂದರು.

ನನ್ನ ಇಡೀ ದಂಧೆಯ ಪಾಠ ಆ ಪ್ರಶ್ನೆಯಲ್ಲಿದೆ. ಮುಂದಿನ ದರ್ಜೆಯಲ್ಲಿ ಬೆಲೆಬಾಳುವುದು ನಿದ್ದೆ. ನಿದ್ದೆ ಬೇಕಿರುವುದು ಉದ್ದದ ರಾತ್ರಿಯಲ್ಲಿ. ಆದ್ದರಿಂದ ಇಡೀ ಪ್ರಯಾಣಕ್ಕೆ ಒಂದೇ ದರ್ಜೆ ಕೊಳ್ಳಬೇಕೆಂದಿಲ್ಲ. ಬೆಂಗಳೂರಿಂದ ಕೊಲ್ಲಿಯವರೆಗಿನ ನಾಲ್ಕು ಗಂಟೆಗೆ ಎಕಾನಮಿ, ಅಲ್ಲಿಂದ ಅಮೆರಿಕದ ಹದಿನಾಲ್ಕು ಹದಿನಾರು ಗಂಟೆಗೆ ಬಿಸಿನೆಸ್, ಹೀಗೆ ಬೆರೆಸಿ ಟಿಕೆಟ್ ಮಾಡಲು ಬಹಳಷ್ಟು ಕಡೆ ಬರುತ್ತದೆ. ಅವರಿಗೂ ಹಾಗೇ ಮಾಡಿಕೊಟ್ಟೆ. ಹೋಗುವಾಗ ಉದ್ದದ ಹಾರಾಟಕ್ಕೆ ಇಬ್ಬರಿಗೂ ಬಿಸಿನೆಸ್, ಬರುವಾಗ ಅಮ್ಮನವರಿಗೆ ಮಾತ್ರ. “ಅವಳು ಮುಂದೆ ಮಲಗ್ಲಿ, ನಂಗೆ ಹಿಂದೆ ಸಿನಿಮಾ ಉಂಟಲ್ಲ” ಎಂದರು ಯಜಮಾನರು. ನಡೆಯಲು ನಿಜವಾಗಿ ಕಷ್ಟ ಇರುವವರಿಗೆ ಗಾಲಿಕುರ್ಚಿ ಯಾವ ದರ್ಜೆಯಲ್ಲೂ ಉಚಿತ. ಅದಕ್ಕಾಗಿ ಮುಂದಿನ ಸೀಟು ಕೊಳ್ಳುವುದು ಬೇಡ.

ಮಜಾ ಮಾಡಲು ಹೋಗುವವರಿಗೆ ನನ್ನ ಲೆಕ್ಕ ಬೇರೆ. ಯುರೋಪಿಗೆ ಒಂದೇ ನಿದ್ದೆಯ ದೂರ. ಫಸ್ಟ್ ಕ್ಲಾಸಿಗೆ ಹೆಚ್ಚು ಕೊಡುವ ದುಡ್ಡಿನಲ್ಲಿ ಇಂಟರ್‌ಲಾಕನ್‌ನಲ್ಲಿ ಹಿಮದ ಬೆಟ್ಟ ಕಾಣುವ ಕೋಣೆ ಹಿಡಿದು ಇನ್ನೂ ಹಲವು ದಿನ ಇರಬಹುದು. 1912ರಿಂದ ಓಡುತ್ತಿರುವ ರೈಲಿನಲ್ಲಿ 3,454 ಮೀಟರ್ ಎತ್ತರದ ಯುಂಗ್‌ಫ್ರಾವ್‌ಯೋಖ್‌ಗೆ ಹತ್ತಬಹುದು. ವಿಮಾನದ ಸುಖ ಒಂದು ರಾತ್ರಿಗೆ ಮುಗಿಯುತ್ತದೆ.

ಮೈಲ್ಸ್, ತೆರಿಗೆ, ಉಪ್ಪಿನಕಾಯಿ

ಈಗ ಮೈಲ್ಸ್. ಕಂಪನಿ ಕೆಲಸಕ್ಕೆ ಓಡಾಡುವ ಮಕ್ಕಳ ಖಾತೆಯಲ್ಲಿ ಹಾರಿದ ಪ್ರತಿ ಟಿಕೆಟ್ಟಿಗೂ ಮೈಲ್ಸ್ ಕೂಡುತ್ತದೆ, ಕ್ರೆಡಿಟ್ ಕಾರ್ಡಿನ ಪಾಯಿಂಟ್ಸ್ ಬೇರೆ. ಬಹಳಷ್ಟು ಸಂಸ್ಥೆಗಳಲ್ಲಿ ಅದರಿಂದ ಅಪ್ಪ ಅಮ್ಮನ ಹೆಸರಿಗೆ ಟಿಕೆಟ್ ತೆಗೆಯಬಹುದು, ಇಲ್ಲವೇ ಕೊಂಡ ಟಿಕೆಟ್ಟನ್ನು ಮೇಲಿನ ದರ್ಜೆಗೆ ಏರಿಸಬಹುದು. ತೆರಿಗೆ, ಶುಲ್ಕ ಮಾತ್ರ ಕೈಯಿಂದ ಕಟ್ಟಬೇಕು. ಟಿಕೆಟ್ಟಿನ ಮೇಲೆ ದರ್ಜೆಯ ಜೊತೆ ಒಂದು ಇಂಗ್ಲಿಷ್ ಅಕ್ಷರವೂ ಇರುತ್ತದೆ. ಎಫ್ ಫಸ್ಟಿಗೆ, ಜೆ ಬಿಸಿನೆಸ್ಸಿಗೆ, ವೈ ಪೂರ್ತಿ ದರದ ಎಕಾನಮಿಗೆ. ತೀರಾ ಅಗ್ಗದ ಎಕಾನಮಿಗೆ ಬೇರೆ ಅಕ್ಷರಗಳಿವೆ, ಅವನ್ನು ಏರಿಸಲು ಹೆಚ್ಚಿನ ಕಡೆ ಬರುವುದಿಲ್ಲ. ಅಗ್ಗಕ್ಕೆ ಸಿಕ್ಕಿತೆಂದು ಕೊಳ್ಳುವ ಮೊದಲೇ ಇದನ್ನು ಕೇಳಿಕೊಳ್ಳಬೇಕು. ಕೆಲವು ಸಂಸ್ಥೆಗಳು ಹೊರಡುವ ದಿನ ಹತ್ತಿರ ಬಂದಾಗ ಖಾಲಿ ಉಳಿದ ಮುಂದಿನ ಸೀಟುಗಳನ್ನು ಹರಾಜಿಗೂ ಹಾಕುತ್ತವೆ. ಅಡಿಕೆ ಮಂಡಿ ಕಂಡವರಿಗೆ ಹರಾಜು ಹೊಸದಲ್ಲ.

2025ರ ಸೆಪ್ಟೆಂಬರ್ 22ರಿಂದ ಎಕಾನಮಿ ಟಿಕೆಟ್ಟಿಗೆ ಶೇ 5, ಅದಕ್ಕಿಂತ ಮೇಲಿನ ದರ್ಜೆಗಳಿಗೆ ಶೇ 18 ಜಿಎಸ್‌ಟಿ. ಹೋಟೆಲು, ವಿಮಾನ ಎಲ್ಲ ಸೇರಿಸಿ ವಿದೇಶ ಪ್ರವಾಸದ ಪ್ಯಾಕೇಜ್ ಕೊಂಡರೆ ಮೂಲದಲ್ಲೇ ಆದಾಯ ತೆರಿಗೆ ವಸೂಲಾಗುತ್ತದೆ. ಬರೀ ವಿಮಾನದ ಟಿಕೆಟ್ ಕೊಂಡರೆ ಅದಿಲ್ಲ. ಆ ತೆರಿಗೆಯ ದರ ಬಜೆಟ್ಟಿನಿಂದ ಬಜೆಟ್ಟಿಗೆ ಬದಲಾಗುತ್ತದೆ, ಕೊಳ್ಳುವ ದಿನ ವಿಚಾರಿಸಿ. ಬರೀ ಕೃಷಿ ಆದಾಯ ಇರುವ ನಮ್ಮವರು ‘ನಮಗೆ ತೆರಿಗೆಯೇ ಇಲ್ಲ’ ಎಂದು ರಿಟರ್ನ್ಸ್ ಸಲ್ಲಿಸುವುದಿಲ್ಲ. ಸಲ್ಲಿಸದೆ ಹೋದರೆ ಹಿಡಿದ ದುಡ್ಡು ವಾಪಸ್ ಬರುವುದಿಲ್ಲ.

ಊಟದ ಮಾತು ಕನಿಷ್ಠ ಒಂದು ದಿನ ಮುಂಚೆ ಹೇಳಬೇಕು. ಸಸ್ಯಾಹಾರ ಎಂದಷ್ಟೇ ಬರೆದರೆ ಬೇಯಿಸಿದ ಕೋಸುಗಡ್ಡೆ ಬಂದೀತು. ಭಾರತೀಯ ಅಡುಗೆಗೆ ಎವಿಎಂಎಲ್, ಈರುಳ್ಳಿ ಬೆಳ್ಳುಳ್ಳಿ ಬೇಡದವರಿಗೆ ಜೈನ ಊಟ, ವಿಜೆಎಂಎಲ್ ಎಂದು ಬರೆಸಿ. ಸಿಂಹನಗದ್ದೆ ಬಸದಿಗೆ ನಡೆದುಕೊಳ್ಳುವವರಿಗೂ ಶೃಂಗೇರಿಯ ಮಡಿವಂತರಿಗೂ ಇದು ಆಗಿಬರುತ್ತದೆ. ಲಗೇಜಿನಲ್ಲಿ ಮುಂದಿನ ದರ್ಜೆಗೆ ನಿಜವಾದ ಲಾಭವಿದೆ. ಅಮೆರಿಕದ ದಾರಿಯಲ್ಲಿ ಎಕಾನಮಿಗೆ ಸಾಮಾನ್ಯವಾಗಿ 23 ಕೆ.ಜಿ.ಯ ಎರಡು ಪೆಟ್ಟಿಗೆ, ಅಗ್ಗದ ಟಿಕೆಟ್ಟಾದರೆ ಒಂದೇ. ಮುಂದಿನವರಿಗೆ 32 ಕೆ.ಜಿ.ಯ ಎರಡು. ಹಲಸಿನ ಹಪ್ಪಳ, ಕಾಫಿಪುಡಿ, ಅಪ್ಪೆಮಿಡಿ ಉಪ್ಪಿನಕಾಯಿಗೆ ಧಾರಾಳ ಜಾಗ. ಉಪ್ಪಿನಕಾಯಿಯನ್ನು ಕೈಚೀಲದಲ್ಲಿ ಇಡಬೇಡಿ, ರಸ ಇದ್ದದ್ದೆಲ್ಲ ತಪಾಸಣೆಯಲ್ಲಿ ಉಳಿದುಬಿಡುತ್ತದೆ. ಇಳಿದ ಮೇಲೆ ತಿಂಡಿ ತಂದಿದ್ದೇವೆಂದು ಒಪ್ಪಿ ಹೇಳಿ. ಮುಚ್ಚಿಟ್ಟರೆ ದಂಡ.

ಕೊನೆಗೆ ನೆಲದ ಮಾತು. ಫಸ್ಟ್ ಕ್ಲಾಸಿನವರನ್ನು ಮನೆಯಿಂದಲೇ ಕಾರಿನಲ್ಲಿ ಕರೆದೊಯ್ಯುವ ಸಂಸ್ಥೆಗಳಿವೆ. ಆದರೆ ಅದಕ್ಕೆ ಇಷ್ಟೇ ಕಿಲೋಮೀಟರ್ ಎಂಬ ಮಿತಿ ಇದೆ, ಕೊಪ್ಪಕ್ಕೆ ಯಾರೂ ಕಾರು ಕಳಿಸುವುದಿಲ್ಲ. ದೇವನಹಳ್ಳಿಯವರೆಗಿನ ಮುನ್ನೂರು ಚಿಲ್ಲರೆ ಕಿಲೋಮೀಟರ್ ನಮ್ಮ ಪಾಲಿಗೇ. ಜುಲೈಯಲ್ಲಿ ಮರ ಬೀಳುತ್ತದೆ, ತುಂಗೆ ರಸ್ತೆಗೆ ಬರುತ್ತಾಳೆ, ಕರೆಂಟ್ ಹೋಗಿ ಫೋನೂ ಸತ್ತಿರುತ್ತದೆ. ಮಳೆಗಾಲದಲ್ಲಿ ಹೊರಡುವವರು ಒಂದು ದಿನ ಮೊದಲೇ ಬೆಂಗಳೂರು ಸೇರಿ ಎಂದು ಟಿಕೆಟ್ಟಿನ ಹಿಂದೆ ಬರೆದೇ ಕೊಡುತ್ತೇನೆ.

ಇಂಥ ಸಲಹೆ ಕೊಟ್ಟರೆ ನನ್ನ ಕಮಿಷನ್ ಕಡಿಮೆಯಾಗುತ್ತದೆ, ನಿಜ. ಆದರೆ ಈ ಮೂರು ತಾಲ್ಲೂಕಿನಲ್ಲಿ ಗಿರಾಕಿಗಳೆಲ್ಲ ಒಬ್ಬರಿಗೊಬ್ಬರು ನೆಂಟರು. ನಾಲ್ಕು ಗಂಟೆಯ ದಾರಿಗೆ ಹತ್ತು ಕ್ವಿಂಟಾಲಿನ ಹಾಸಿಗೆ ಮಾರಿದೆನೆಂದರೆ ಮುಂದಿನ ಮದುವೆ ಮನೆಯ ಪಂಕ್ತಿಯಲ್ಲಿ ಹಪ್ಪಳ ಬಡಿಸುವಷ್ಟರಲ್ಲಿ ಆ ಸುದ್ದಿ ಕೊನೆಯ ಎಲೆಯವರೆಗೂ ಹೋಗಿರುತ್ತದೆ.